ಅಡಿಕ್ಷನ್ ಅಂದ್ರ ಚಟ

ಅಲ್ಲರೀ ಝಾನ್ಸಿ ಟೀಚರಮ್ಮ, ಅಡಿಕಿ ಅಲ್ಲ! ಅಡಿಕ್ಷನ್! ಅಡಿಕ್ಷನ್ ಅಂದ್ರ ಚಟ. ನನಗೂ ಗೊತ್ತೈತಿ... ಯಾಕ ನಗತೀರಿ? ಬಾಯಾಗ ಎಲಿ-ಅಡಿಕಿ ಇತ್ತು, ಅದಕ್ಕ ಹಂಗ ಕೇಳ್ಸಿರಬೇಕು. ತಡೀರಿ, ಹೊರಗ ಉಗುಳಿ ಬರತೀನಿ... ಹಾಂ. ಗೋಡಿಗಲ್ಲರಿ, ಮಣ್ಣಾಗ ಉಗುಳೀನಿ. ಸಾಲಿ ಗೋಡಿಗೆ ಉಗುಳೋ ಮಂದಿ ಅಲ್ಲ ನಾವು.

ಕುಂದ್ರಂಗಿಲ್ಲರಿ, ಒಂದ ಮಾತು ಹೇಳಿ ಹೋಗತೀನಿ... ಆತು ಬಿಡ್ರಿ, ಅಷ್ಟು ಹೇಳತೀರಿ ಅಂದಮ್ಯಾಲೆ ಕುಂದ್ರತೀನಿ. ನೀವು ಊಟಾ ಮಾಡ್ರಿ. ನಿಮ್ಮ ಬಿಡುವು ಮುಗಿಯೋದರೊಳಗ ನನ್ನ ಫಿರ್ಯಾದಿ ಮುಗೀತೈತಿ. ಎಂಟನೇತ್ತಿ ಕ್ಲಾಸಿನ ಬಸವೇಶ್ವರಿ ಅದಾಳಲ್ಲರಿ, ನಮ್ಮ ಈಶ್ವರಿ, ಆಕಿ ಅಜ್ಜಿ ನಾನು. ಚನ್ನವೀರಮ್ಮ. ಶನಿವಾರ ಗದ್ವಾಲದಾಗ ಇಂಗ್ಲಿಷ್ ಭಾಷಣದ ಪೈಪೋಟಿ ಐತಿ, ಮಕ್ತಲ್ ಸಾಲಿ ಕಡಿಂದ ಆಕೀನ್ನ ಹಚ್ಚಿದ್ರಿ. ಈಗ ನೋಡಿದ್ರ ಹೆಸರು ಹೊಡದು ಹಾಕೀರಿ! ಯಾಕರಿ? ಕೂಸು ಮೂರು ದಿನದಿಂದ ರೊಟ್ಟಿ ಸರಿಯಾಗಿ ತಿಂದಿಲ್ಲ.

ಏನಂದ್ರಿ? "ವಿಡಿಯೋ ಗೇಮಿನಿಂದ ಓದು ಕೆಡತೈತಿ" ಅಂತ ಮಾತಾಡಬೇಕಾದಾಕಿ, ತಾನ ದಿನಾ ನಾಕು ತಾಸು ಗೇಮ್ ಆಡಿದ್ರ ಹೆಂಗ ಅಂತೀರಿ? ಹಾಂ... ಅದು... ಅದು ಖರೇನ. ಮಾತು ಖರೇ ಐತಿ. ಆದ್ರ...

ಆಕಿಗೆ ಎಲ್ಲಾ ಬರತೈತರಿ! ನೀವು ಬರಸಿದ್ರಲ್ಲ ಇಪ್ಪತ್ತು ಇಂಗ್ಲಿಷ್ ಶಬ್ದ, ಗೇಮಿನ ಬಗ್ಗೆ, ಓದಿನ ಬಗ್ಗೆ, ಅವೆಲ್ಲಾ ಬಾಯಿಪಾಠ. ಬರೀ ಬಾಯಿಪಾಠಲ್ಲ, ಅರ್ಥ ಸಮೇತ. ಕೇಳ್ರಿ ಇಲ್ಲಿ. ಡಿಸ್ಟ್ರಾಕ್ಷನ್! ಅದೇನs ಈಶ್ವರಿ ಅಂತ ಕೇಳಿದೆ. "ಅಜ್ಜಿ, ನೀ ಪೂಜಿಗೆ ಕುಂತು, ಕಣ್ಣು ಮುಚ್ಚಿಕೊಂಡು, ಏ ಹಾಲು ಉಕ್ಕತೈತಿ ನೋಡ್ರೇ ಅಂತ ಒದರತೀಯಲ್ಲ, ಅದು" ಅಂದ್ಲು. ಮಲ್ಟಿಟಾಸ್ಕಿಂಗ್ ಅಂದ್ರ ನಾ ರೊಟ್ಟಿ ಬಡಕೋತ ಬಾಜೂ ಮನಿ ಉರುಕುಂದಮ್ಮನ ಸಂಗಾಟ ಜಗಳಾಡೋದಂತ! ಅಟೆನ್ಷನ್ ಸ್ಪ್ಯಾನ್ ಅಂದ್ರ ಚಿತ್ತ ಎಷ್ಟೊತ್ತು ಒಂದ ಕಡೆ ನಿಲ್ಲತೈತಿ ಅನ್ನೋದು. ನಮ್ಮ ಗುರುಲಿಂಗಂದು, ನನ್ನ ಮಗಂದು, ಹೆಂಡತಿ ಮಾತಾಡಾಕ ಸುರು ಮಾಡಿದ್ರ ಅರ್ಧ ನಿಮಿಷ.

ನಗರಿ, ನಗರಿ. ನಗೋದು ಚಲೋ. ಆದ್ರ ನೀವ ಹೇಳ್ರಿ, ಹಿಂಗ ಅರ್ಥ ಹೇಳೋ ಹುಡುಗಿ ಇನ್ನೊಬ್ಬಾಕಿ ಅದಾಳೇನು ನಿಮ್ಮ ಕ್ಲಾಸಿನಾಗ? ತೆಲಂಗಾಣ ರಾಜ್ಯ ಆದ ವರ್ಷ ಅಂಗನವಾಡಿಗೆ ಹಾಕಿದ ಕೂಸುರಿ. ಮನ್ಯಾಗ ಕನ್ನಡ, ಬಜಾರದಾಗ ತೆಲುಗು, ಈಗ ನೀವೆಲ್ಲಾ ಕೂಡಿ ಇಂಗ್ಲಿಷ್ ಮಾಡೀರಿ. ಮೂರನ್ನೂ ನುಂಗಿ ನೀರು ಕುಡದಾಳ!

ಯಾರಿಗೆ ಹಚ್ಚೀರಿ ಆಕಿ ಬದಲಿಗೆ? ಗುಂಡುಮಾಲ್ ಸುರೇಂದರ್ ಮಗಳಿಗೆ? ಚಲೋ ಹುಡುಗಿ, ಇಲ್ಲ ಅನ್ನಂಗಿಲ್ಲ. ಆದ್ರ ಆಕಿ ನಿಂತ್ರ ಭಾಷಣ ಮಾಡಾಕತ್ಯಾಳೋ ಬಸ್ಸಿಗೆ ಕಾಯಾಕತ್ಯಾಳೋ ತಿಳಿಯಂಗಿಲ್ಲ.

ಇದೆಲ್ಲಾ ನಮ್ಮ ಸೊಸಿಯಿಂದ ಆಗಿದ್ದು. ಪದ್ಮಶ್ರೀ ಕೆಟ್ಟಾಕಿ ಅಂತಲ್ಲರಿ. ಗಟ್ಟು ಊರಿನ ಹೆಣ್ಣು, ದುಡಿಯಾಕಿ, ಮುಂಜಾನೆ ಗಂಡನ ಸಂಗಾಟ ಬಟ್ಟಿ ಅಂಗಡಿಗೆ ಹೋದ್ರ ಸಂಜೀಗೆ ಬರಾಕಿ. ಆದ್ರ ಸಿಟ್ಟು ಮೂಗಿನ ತುದಿಮ್ಯಾಲೆ. ಮನ್ಯಾಗಿನ ಫೋನು ಲಾಕ್‌ಡೌನಿನಾಗ ಈಶ್ವರಿ ಪಾಠಕ್ಕಂತ ತಂದಿದ್ದು. ದೇವರ ಜಗಲಿ ಬಾಜೂಕ ಇರತೈತಿ. ಸೋಮವಾರ ಸಂಜೀಗೆ ಆ ಫೋನು ತಾನ ಚಾಡಿ ಹೇಳಿತ್ರಿ! ಕೇಳದಿದ್ರೂ ಹೇಳಿತು! ಹೋದ ವಾರ ದಿನಾ ನಾಕು ತಾಸು ಹಣ್ಣಿನ ಆಟ ಆಡೀರಿ ಅಂತ ಬರಕೊಂಡು ಬಂತು. ಸ್ಕ್ರೀನ್ ಟೈಮ್ ಅಂತಾರ. ನಿಮ್ಮ ಇಪ್ಪತ್ತರಾಗ ಅದೂ ಒಂದೈತಿ. ಪದ್ಮಶ್ರೀ ನೋಡಿದ್ಲು, ಹುಡುಗೀಗೆ ಕಪಾಳಕ್ಕ ಒಂದು ಬಿಟ್ಲು, ಮರುದಿನ ಫೋನು ತಂದು ನಿಮ್ಮ ಕೈಯಾಗ ಕೊಟ್ಲು.

ನಾನಾ? ನಾನು ಆವಾಗ ಹಿತ್ತಲದಾಗ ಇದ್ದೆ. ಹೌದ್ರಿ, ಹಿತ್ತಲದಾಗ. ಬಟ್ಟಿ ತೆಗಿಯಾಕ ಹೋಗಿದ್ದೆ. ನಾ ಇದ್ದಿದ್ರ ಬಿಡತಿದ್ನೇನು?

ಇರಲಿ. ಈಗ ಆ ಫೋನು ನಿಮ್ಮ ಟೇಬಲ್ಲಿನ ಖಾನೆದಾಗ ಐತಿ ಅಲ್ಲರಿ? ಚಾರ್ಜ್ ಐತೇನು? ಅಲ್ಲ, ಸುಮ್ನ ಕೇಳಿದೆ. ಮೂರು ದಿನ ಆತು. ಆಟದಾಗಿನ ಐದೂ ಲೈಫ್ ತುಂಬಿ ಸುಮ್ನ ಕುಂತಿರತಾವ. ಅರ್ಧ ತಾಸಿಗೊಂದು ತುಂಬತೈತಿ, ಐದರ ಮ್ಯಾಲೆ ಒಂದೂ ತುಂಬಂಗಿಲ್ಲ, ಎಲ್ಲಾ ಬರಬಾದ... ಹೆಂಗ ಗೊತ್ತು ಅಂದ್ರ? ಈಶ್ವರಿ ಹೇಳತಿರತಾಳ. ಹುಡುಗರು ಹೇಳಿದ್ದು ಕಿವಿಗೆ ಬೀಳತಿರತೈತಿ.

ನಾ ಹೇಳೋದು ಏನಂದ್ರ, ಆಡೋ ಹುಡುಗಿಗೇ ಅದರ ಒಳಗ-ಹೊರಗ ತಿಳಿದಿರತೈತಿ ಅಲ್ಲರಿ? ಆಟದಾಗ ಬರೀ ನಷ್ಟ ಐತಿ ಅನ್ನಾಕ ಬರಂಗಿಲ್ಲ. ಕಣ್ಣು ಒಂದು ಕಡೆ, ಬೆರಳು ಒಂದು ಕಡೆ, ತಲಿ ಮೂರು ಹೆಜ್ಜಿ ಮುಂದ ಓಡಬೇಕು. ದಾಳಿಂಬ್ರಿ ಮೂರು ಕೂಡಿದ್ರ ಒಡೀತಾವ, ನಾಕು ಕೂಡಿದ್ರ ಬಾಂಬ್ ಆಕ್ಕೈತಿ, ಆ ಬಾಂಬನ್ನ ತಾಬಡತೋಬಡ ಸಿಡಸಬಾರದು, ಮಂಜುಗಡ್ಡಿ ಬಾಜೂಕ ಬರೋತನಕ ಕಾಯಬೇಕು. ತಾಳ್ಮಿ! ಸ್ಟ್ರಾಟಜಿ! ಸುಮ್ನ ಆಗತೈತೇನ್ರಿ? ಮುನ್ನೂರಾ ಹದಿನೇಳನೇ ಲೆವೆಲ್ಲಿಗೆ ಹನ್ನೊಂದು ದಿನ ಗುದ್ದಾಡೀನಿ ನಾನು, ಈಶ್ವರಿ ಅಂತೂ ನಲವತ್ತಕ್ಕs ಕೈ ಚೆಲ್ಲಿ...

...

ಯಾಕ ತುತ್ತು ಕೆಳಗ ಇಟ್ರಿ?

ಗುದ್ದಾಡೀನಿ ಅಂದೆನೇನು? ಗುದ್ದಾಡ್ಯಾಳ ಅನ್ನಾಕ ಹೋಗಿ ನಾಲಿಗಿ ಜಾರಿತು. ಎರಡು ಹಲ್ಲು ಉದುರಿದ ಬಾಯಿ ನೋಡ್ರಿ... ಆ ಪುಸ್ತಕ ಯಾಕ ತೆಗೀತೀರಿ? ಹಾಜರಿ ಪುಸ್ತಕಾನಾ? ನನಗ್ಯಾಕ ತೋರಸ್ತೀರಿ, ನನಗ ಓದಾಕ ಬರಂಗಿಲ್ಲ... ಬರತೈತಿ, ಸ್ವಲ್ಪ ಬರತೈತಿ, ಈಶ್ವರಿ ಕಲಿಸ್ಯಾಳ. ಹೋದ ವಾರದ್ದು... ಮಂಗಳವಾರ... ಈಶ್ವರಿ ಹಾಜರ್. ಬುಧವಾರ ಹಾಜರ್. ಗುರುವಾರ ಹಾಜರ್. ಸಾಲಿ ತಪ್ಪಿಸಂಗಿಲ್ಲರಿ ಆಕಿ, ಅದನ್ನ ಹೇಳಾಕತ್ತೀನಲ್ಲ ನಾನು!

ಈಗ ಫೋನು ಯಾಕ ತೋರಸ್ತೀರಿ? ಇದರಾಗೇನೈತಿ... ಹೋದ ಮಂಗಳವಾರ, ಹನ್ನೊಂದರಿಂದ ಮೂರು. ಬುಧವಾರ, ಹನ್ನೊಂದರಿಂದ ಮೂರು. ಅಯ್ಯ ಶಿವನ. ಹೊತ್ತು ಸಮೇತ ಬರದಿಡತೈತೇನು ಇದು?

...

ಟೀಚರಮ್ಮ, ಬೈಯ್ರಿ ಬೇಕಾದ್ರ.

ನಾನರಿ. ನಾನ ಆಡೀನಿ. ಮನ್ಯಾಗ ಆ ಹೊತ್ತಿನಾಗ ಇನ್ಯಾರದಾರ?

ನಗಂಗಿಲ್ಲ? ಇಷ್ಟೊತ್ತು ನಕ್ಕ್ರಿ, ಈಗ ನಗಬೇಕಾದಾಗ ನಗವಲ್ರಿ. ಅರವತ್ತೆರಡು ವರ್ಷದ ಮುದುಕಿ, ಮೂಗಿನ ತುದೀಗೆ ಚಾಳೀಸ ಇಳಸಿಕೊಂಡು ದ್ರಾಕ್ಷಿ ಹಣ್ಣು ಒಡಿಯಾಕತ್ಯಾಳ!

ಈಶ್ವರಿನ ಕಲಿಸಿದ್ಲು. ನಿಮ್ಮ ಶಬ್ದಗಳು ಬಾಯಿಪಾಠ ಮಾಡಾಕ ನನ್ನ ಮುಂದ ಕುಂದ್ರತಿದ್ಲು. "ಅಜ್ಜಿ, ರಿವಾರ್ಡ್ ಅಂದ್ರ ಏನು ಅಂತ ಹೇಳಿದ್ರ ತಿಳಿಯಂಗಿಲ್ಲ, ಆಡಿದ್ರ ತಿಳಿತೈತಿ" ಅಂದು ನನ್ನ ಬೆರಳು ಹಿಡದು ಹಣ್ಣು ಸರಿಸಿದ್ಲು. ಹಣ್ಣು ಒಡದ್ವು. ಒಳಗಿಂದ ಒಬ್ಬಾಕಿ ಒದರಿದ್ಲು, "ಎಕ್ಸಲೆಂಟ್!" ಏನಂತs ಅದು ಅಂದೆ. "ಭಾಳ ಚಂದ ಮಾಡಿದಿ ಅಂತ ಅಜ್ಜಿ, ನಿನಗ ಅನ್ನಾಕತ್ಯಾಳ." ನನಗಾ? ಟೀಚರಮ್ಮ, ನಲವತ್ತೈದು ವರ್ಷ ರೊಟ್ಟಿ ಬಡಿದೀನಿ. ಮಾವನಿಗೆ, ಗಂಡಗ, ಮಗಗ. ಉಪ್ಪು ಕಡಿಮಿ ಆದ್ರ ಹೇಳ್ಯಾರ. ಎಕ್ಸಲೆಂಟ್ ಅಂತ ಯಾರೂ ಅಂದಿದ್ದಿಲ್ಲ. ಆಕಿ ನೋಡ್ರಿ, ಆ ಒಳಗಿನಾಕಿ, ಬೇಜಾರಿಲ್ದ ಅಂತಾಳ. ಸೋತ್ರೂ "ಟ್ರೈ ಅಗೇನ್" ಅಂತಾಳ. ಇನ್ನೊಮ್ಮೆ ಮಾಡು ಅಂತ. ನನ್ನ ಅಪ್ಪ ಎರಡನೇತ್ತಿಗೆ ಸಾಲಿ ಬಿಡಿಸಿದಾಗ ಇನ್ನೊಮ್ಮೆ ಅಂದಿದ್ದಿಲ್ಲ.

ಮೊದಲು ಅರ್ಧ ತಾಸು ಆಡತಿದ್ದೆ. ಆಮ್ಯಾಲೆ ಒಂದು. ಆಮ್ಯಾಲೆ... ಒಂದಿನ ಒಲಿ ಮ್ಯಾಲಿನ ಬ್ಯಾಳಿ ಸೀದು ಕರಿ ಆತು. ಬೆಕ್ಕು ಗಡಿಗಿ ಉರುಳಿಸ್ತು ಅಂತ ಹೇಳಿದೆ. ನಮ್ಮ ಮನ್ಯಾಗ ಬೆಕ್ಕs ಇಲ್ಲ! ಅಡಿಕ್ಷನ್ ಅಂದ್ರ ಚಟ ಅಂತ ನನಗ ಹೆಂಗ ತಿಳೀತು ಅಂದ್ಕೊಂಡ್ರಿ? ಈಶ್ವರಿ ಅರ್ಥ ಹೇಳಿದಾಗ ನನ್ನ ಕಡೆ ನೋಡಿ ನಕ್ಕಿದ್ಲು.

ಆತಲ್ಲ, ಹೇಳಿದೆ. ಈಗ ಹೆಸರು ಬರೀರಿ ಆಕಿದು. ಒಂದ ಮಾತು, ಕೈ ಮುಗೀತೀನಿ, ಇದು ನಮ್ಮಿಬ್ಬರಾಗ ಇರಲಿ. ಸೊಸಿಗೆ ಹೇಳಬ್ಯಾಡ್ರಿ. ನೀವು "ಹುಡುಗಿ ತಪ್ಪು ಒಪ್ಕೊಂಡಾಳ, ಮಾಫ್ ಮಾಡೀನಿ" ಅಂದುಬಿಡ್ರಿ, ಎಲ್ಲಾ ಸರಿ ಹೋಗತೈತಿ. ಸೊಸಿ ಮುಂದ ನನ್ನ ಮರ್ಯಾದಿ...

ಹಾಂ?

ಯಾಕ ಹಂಗ ನೋಡತೀರಿ? ನಾ ಏನು ಅಂಥಾ ಗಲತ್ ಮಾತು ಹೇಳಿದೆ?

...

ಹಿತ್ತಲದಾಗ ಇದ್ದಿದ್ದಿಲ್ಲರಿ.

ಅದನ್ನೂ ತಿಳಕೊಂಡೀರಿ ಅಲ್ಲ? ಪಡಸಾಲ್ಯಾಗ ಇದ್ದೆ. ಮೊರದಾಗ ಅಕ್ಕಿ ಆರಿಸಕೋತ ಕುಂತಿದ್ದೆ, ಎರಡು ಮಾರು ದೂರದಾಗ. ಪದ್ಮಶ್ರೀ ಫೋನು ಮುಂದ ಹಿಡದು "ಯಾರು ಆಡಿದ್ದು ಇದು?" ಅಂದ್ಲು. ಈಶ್ವರಿ ನನ್ನ ಮುಖ ನೋಡಿದ್ಲು. ನಾನು ಅಕ್ಕ್ಯಾಗಿನ ಹಳ್ಳು ನೋಡಿದೆ. "ನಾನವ್ವಾ" ಅಂದ್ಲು ಕೂಸು. ಹನ್ನೆರಡು ವರ್ಷದ ಕೂಸುರಿ! ಕಪಾಳಕ್ಕ ಬಿದ್ದ ಸಪ್ಪಳ ಕೇಳ್ಸಿತು, ಆದ್ರೂ ತಲಿ ಎತ್ತಲಿಲ್ಲ ನಾನು. ಒಂದು ಹಳ್ಳು ಆರಿಸಿದೆ, ಇನ್ನೊಂದು ಆರಿಸಿದೆ. ಅವತ್ತಿನ ಅಕ್ಕಿ ಅಷ್ಟು ಸ್ವಚ್ಛ ಎಂದೂ ಆಗಿದ್ದಿಲ್ಲ.

ಅವತ್ತಿನಿಂದ ಆಕಿ ನನಗೇನೂ ಅಂದಿಲ್ಲ. ಬಾಜೂಕ ಮಲಗತಾಳ, ಕಾಲು ಒತ್ತತಾಳ. ಒಂದು ಮಾತು ಅಂದಿಲ್ಲ. ಬೈದಿದ್ರ ಪಾಡಿತ್ತು.

ಇಲ್ಲರಿ, ಅಳಾಕತ್ತಿಲ್ಲ. ಚಾಳೀಸಕ್ಕ ಧೂಳು ಬಿದ್ದೈತಿ... ನೀರು ಬ್ಯಾಡ. ಆತು, ಕೊಡ್ರಿ.

ಆ ಫೋನು ಈ ಕಡೆ ಕೊಡ್ರಿ. ಅಯ್ಯ, ಆಡಾಕಲ್ಲರಿ! ನೀವ ಹಚ್ಚಿ ಕೊಡ್ರಿ. ಪದ್ಮಶ್ರೀ ನಂಬರ್, ಅಂಗಡಿ ಅಂತ ಬರದಿರಬೇಕು ಅದರಾಗ... ಹತ್ತೈತೇನು?

ಅದೇನು ಬರಿಯಾಕತ್ತೀರಿ ನೀವು? ತಡೀರಿ, ಓದತೀನಿ. ಬಿ... ಎ... ಎಸ್... ಎ... ಅಯ್ಯ, ಆಕಿ ಹೆಸರ ಅಲ್ಲೇನ್ರಿ ಅದು!

ಹಾಂ, ಹಲೋ? ಪದ್ಮಶ್ರೀ, ನಾನವ್ವಾ, ನಿಮ್ಮತ್ತಿ. ಈಶ್ವರಿ ಸಾಲ್ಯಾಗ ಅದೀನಿ... ಇಲ್ಲವ್ವ, ಆಕಿಗೇನೂ ಆಗಿಲ್ಲ, ಆರಾಮ ಅದಾಳ. ಅಂಗಡಿ ಗುರುಲಿಂಗಗ ಬಿಟ್ಟು ಸ್ವಲ್ಪ ಬಂದು ಹೋಗು... ಬ್ಯಾಡವ್ವ, ಫೋನಿನಾಗ ಹೇಳಂಗಿಲ್ಲ. ನಿನ್ನ ಮುಖ ನೋಡಿ ಹೇಳಬೇಕು.