ದವಡೆ ನೋಡೋ ಎತ್ತಪ್ಪ

ನಗು, ನಗು… ಚೆನ್ನಾಗಿ ನಗಾಡು ನೀನು! ಅಪ್ಪನ ಬಾಯಿ ನೋಡಿ ಡಾಕ್ಟ್ರಮ್ಮ ಗಾಬರಿ ಬಿದ್ರೆ ಮಗಳಿಗೆ ನಗು. ನಾನೇನು ಬಾಯಿ ತೆಗೀತೀನಿ ಅಂದಿದ್ನಾ? ನಿನ್ನ ಮಗಳು ಆ ಕುರ್ಚಿ ಮೇಲೆ ಮಲಗಲ್ಲ ಅಂತ ಹಟ ಹಿಡಿದ್ಲು, ತಾತ ಮೊದಲು ಮಲಗಲಿ ಅಂದ್ಲು. ಮಲಗಿದೆ. ಹಿರಿಯೂರು ತಂಕ ಬಂದಿದ್ದು ದೀಪನ ಹಲ್ಲು ತೋರ್ಸಕ್ಕೆ ಕಣವ್ವ, ನಂದಲ್ಲ!

ಆಯಮ್ಮ ಬ್ಯಾಟ್ರಿ ಬಿಟ್ಟು ನೋಡಿ, "ಅಜ್ಜಾರೆ, ನಿಮಗೆ ಗೊರಕೆ ಬರುತ್ತಾ?" ಅಂದ್ರಲ್ಲ… ಬರುತ್ತಾ ಅಂತೆ! ನಮ್ಮೂರು ಯಲ್ಲದಕೆರೆಲಿ ಯಾರನ್ನಾದ್ರೂ ಕೇಳ್ಲಿ. ನಾನು ಕುರಿ ಕೂಡೋ ರೊಪ್ಪದ ಮಗ್ಗುಲಲ್ಲಿ ಮಲಗಿದ್ರೆ ತೋಳ ಅತ್ತ ಸುಳಿಯಲ್ಲ ಅಂತ ಆ ಓಬಣ್ಣ ತನ್ನ ಕುರಿನೂ ತಂದು ನಮ್ಮ ಕುರಿ ಜೊತೆ ನಿಲ್ಲಿಸ್ತಿದ್ದ. ನಿಮ್ಮವ್ವ ಕೆಂಚಕ್ಕ ಚಾಪೆ ಎತ್ಕಂಡು ಅಡಿಗೆಮನೆಗೆ ಹೋದೋಳು ಇವತ್ತಿಗೂ ಈಚೆಗೆ ಬಂದಿಲ್ಲ.

ಈಗ ನನಗೂ ನಿದ್ದೆ ಪರೀಕ್ಷೆ ಆಗಬೇಕಂತೆ. ನಿದ್ದೆಗೆ ಪರೀಕ್ಷೆ! ನಾಕನೇ ಕ್ಲಾಸಿಗೆ ಸ್ಕೂಲು ಬಿಟ್ಟೋನು, ನಿದ್ದೇಲಾದ್ರೂ ಪಾಸಾಗ್ತೀನಾ ನೋಡಾಣ. ಆಮೇಲೆ ಮೂತಿಗೆ ಅದೇನೋ ಮಾಸ್ಕು ಕಟ್ಕಂಡು ಮಲಗಬೇಕಾಗಬೌದಂತೆ… ಎತ್ತಿಗೆ ಬಾಯಿಕುಕ್ಕೆ ಹಾಕ್ದಂಗೆ! ನಗಬೇಡ ಅಂದ್ನಲ್ಲ. ಅಗಾ, ಆ ಚೀಟಿ ಬರೆಯೋ ಹುಡುಗಿನೂ ನಗ್ತಾ ಅವ್ಳೆ.

ಕುಂತ್ಕ, ಕುಂತ್ಕ. ಬಾಗಿಲ ಕಡೆನೇ ನೋಡ್ತಾ ಕೂರಬೇಡ. ದೀಪ ಅಳಲ್ಲ. ನೀನು ಪಕ್ಕದಾಗಿದ್ರೇ ಅಳೋದು ಅಂತ ತಾನೆ ನಿನ್ನ ಹೊರಗೆ ಕಳಿಸಿದ್ದು? ಹಿಟ್ಟಿನಂಗಿರೋದನ್ನ ಬಾಯಿಗಿಟ್ಟು ಅಚ್ಚು ತಗಂತಾರೆ, ಅಷ್ಟೇ. ನೋವಿರಲ್ಲ ಅಂತ ಎರಡು ಸಲ ಹೇಳಿದ್ರು.

ಆದ್ರೂ ಅನ್ನು… ಆಯಮ್ಮ ದವಡೆ ನೋಡಿದ್ದು ನೋಡಿದ್ಯಾ? ಗದ್ದ ಹಿಡಿದು, ಬೆರಳಲ್ಲಿ ತುಟಿ ಬಿಡಿಸಿ, ಮೇಲಿಂದು ಕೆಳಗಿಂದು ಕೂಡ್ತಾವಾ ಅಂತ… ಥೇಟ್ ನಂದೇ ಕೈ! ಸುತ್ತ ನಾಕು ಸಂತೇಲಿ ಕುರಿ ಬಾಯಿ ಬಿಡಿಸಿ ನೋಡೋದಕ್ಕೆ ಎತ್ತಪ್ಪನ್ನೇ ಕರೀತಿದ್ರು. ಟಗರು ಕೊಳ್ಳೋರು ಕೊಂಬು ನೋಡ್ತಾರೆ, ಮೈ ನೋಡ್ತಾರೆ. ನಾನು ಮೊದಲು ದವಡೆ ನೋಡ್ತಿದ್ದೆ. ಕೆಳಗಿನ ಹಲ್ಲು ಮೇಲಿನ ವಸಡಿಗೆ ಸರಿಯಾಗಿ ಕೂಡಲಿಲ್ಲ ಅಂದ್ರೆ ಅದು ಮೇಯಲ್ಲ, ಮೈ ಕಟ್ಟಲ್ಲ. ಅಂಥ ಟಗರನ್ನ ಹಿಂಡಿಗೆ ಬಿಟ್ರೆ ಮರಿಗಳೂ ಹಂಗೇ. ಇಂಥ ದೊಡ್ಡ ಪಂಡಿತ ನಾನು! ಮನೇಲಿ ಕನ್ನಡಿ ಇತ್ತು, ನೋಡ್ಕಳಲಿಲ್ಲ.

ಹೂಂ… ಗಡ್ಡ. ಅದನ್ನೂ ಕೇಳಿಬಿಟ್ರಲ್ಲ. ಗಡ್ಡ ದೇವರ ಹರಕೆ ಅಂತ ನಿನಗೂ ಹೇಳಿದ್ದೆ, ಊರಿಗೂ ಹೇಳಿದ್ದೆ. ಹರಕೆನೂ ಇಲ್ಲ, ಏನೂ ಇಲ್ಲ. ಇದನ್ನ ಬೋಳಿಸಿದ್ರೆ ನನಗೆ ಗದ್ದನೇ ಇಲ್ಲ ಕಣವ್ವ! ತುಟಿ ಮುಗೀತಿದ್ದಂಗೆ ಕುತ್ತಿಗೆ ಶುರು. ಮದುವೇಲಿ ಗದ್ದಕ್ಕೆ ದೃಷ್ಟಿಬೊಟ್ಟು ಇಡಕ್ಕೆ ಜಾಗ ಸಿಗದೇ ನಿಮ್ಮ ದೊಡ್ಡಪ್ಪ ಒದ್ದಾಡಿಬಿಟ್ಟಿದ್ದ. ಡಾಕ್ಟ್ರಮ್ಮ ಗಡ್ಡದೊಳಗೆ ಬೆರಳಿಟ್ಟು ಹುಡುಕಿದ್ರಲ್ಲ, ಆಗ ನಾಚಿಕೆ ಆಗೋಯ್ತು.

ಏನು? ದೀಪಂಗಾ? ಇನ್ನೂ ಒಂಬತ್ತು ವರ್ಷ, ಇದೇ ಸರಿಯಾದ ವಯಸ್ಸು ಅಂದ್ರು, ಕೇಳಿಸ್ಕಳಲಿಲ್ವಾ? ಅಂಗುಳದ ನಡುವೆ ಒಂದು ಕೂಡು ಇರುತ್ತಂತೆ, ಚಿಕ್ಕ ಮಕ್ಕಳಲ್ಲಿ ಅದು ಗಟ್ಟಿ ಆಗಿರಲ್ಲ. ಅಲ್ಲೊಂದು ತಂತಿ ಸಾಮಾನು ಕೂರಿಸ್ತಾರೆ. ಕೀಲಿ ಹಾಕಿ ದಿನಾ ಒಂಚೂರು ತಿರುವ್ತಾ ಹೋದ್ರೆ ಮೇಲಿನ ದವಡೆ ಅಗಲ ಆಗುತ್ತೆ, ನಾಲಿಗೆಗೆ ಜಾಗ ಆಗುತ್ತೆ, ಮೂಗಲ್ಲೂ ಉಸಿರು ಸಲೀಸಾಗಬೌದು. ಕೀಲಿ ತಿರುವಾದು ಮನೆಯೋರ ಕೆಲಸ. ನಿನಗೆ ಕೈ ನಡುಗಿದ್ರೆ ಕೊಡು, ನಾನು ತಿರುವ್ತೀನಿ. ಸಾವಿರ ಮರಿ ಬಾಯಿಗೆ ಔಷಧಿ ಹಾಕಿದ ಕೈ… ಯಾಕೆ ಹಂಗೆ ನೋಡ್ತಿಯ? ಸರಿ, ಸರಿ. ನೀನೇ ತಿರುವು.

ಇದೊಂದರಿಂದಲೇ ಎಲ್ಲಾ ಸರಿಹೋಗುತ್ತೆ ಅಂತ ಆಯಮ್ಮ ಹೇಳಲಿಲ್ಲ, ಅದು ನನಗೆ ಇಷ್ಟ ಆಯ್ತು. ಮೊದಲು ಮೂಗು-ಗಂಟಲ ಡಾಕ್ಟ್ರು ನೋಡ್ಲಿ, ಗಂಟಲಲ್ಲಿ ಗಡ್ಡೆ ಬೆಳೆದಿದ್ರೆ ಅದನ್ನೂ ನೋಡಬೇಕು ಅಂದ್ರು. ಚಿತ್ರದುರ್ಗಕ್ಕೆ ಹೋಗಾಣ. ನಾಳೆನೇ ಹೋಗಾಣ. ಮಂಜಣ್ಣ ಏನಂತಾನೋ ಅಂತ ಯೋಚನೆ ಮಾಡಬೇಡ, ಅಳಿಯನ ಹತ್ರ ನಾನು ಮಾತಾಡ್ತೀನಿ. "ಹಾಲಲ್ಲು ಬಿದ್ದು ಬೇರೆ ಹುಟ್ಟುತ್ತೆ ಬಿಡ್ರಿ ಮಾವ" ಅಂದ. ಅವನಿಗೇನು ಗೊತ್ತು! ನಾನೂ ಹಂಗೇ… ಬಿಡು.

ಅಲ್ಲ, ಆತುರ ಯಾಕೆ ಅಂದ್ರೆ? ಮೊಮ್ಮಗಳು ಕಣೆ! ತಾತಂಗೆ ಆತುರ ಇರಬಾರದಾ?

ಹೋಗ್ಲಿ, ಒಂದು ಮಾತು ಕೇಳ್ತೀನಿ ರಂಜಿತಾ. ಒಳಗೆ ಹಂಗೆ ಯಾಕಂದೆ ನೀನು? ಅದೇ… ಡಾಕ್ಟ್ರಮ್ಮನ ಮುಂದೆ. "ಇವಳೂ ನನ್ನಂಗೇ ಮಂಕು ಮೇಡಂ, ನಾನೂ ಬೆಂಚಿನ ಮೇಲೆ ತೂಕಡಿಸ್ತಿದ್ದೆ, ತಲೆಗೆ ಹತ್ತಲಿಲ್ಲ, ಏಳಕ್ಕೇ ಬಿಟ್ಟೆ" ಅಂತ. ನಗ್ತಾ ನಗ್ತಾ ಅಂದೆ. ಯಾವಾಗಲೂ ಅದನ್ನ ನಗ್ತಾನೇ ಅಂತೀಯ. ಹೆಂಗಸರ ಸಂಘದ ಲೆಕ್ಕದ ಪುಸ್ತಕ ಬರೀ ಅಂದ್ರೂ ಅಂತೀಯ, ಫೋನಲ್ಲಿ ಏನಾದ್ರೂ ಓದು ಅಂದ್ರೂ ಅಂತೀಯ. ನಾನು ದಡ್ಡಿ, ನನಗೆ ಬರಲ್ಲ ಅಂತ. ಆಯಮ್ಮ ನಿನ್ನ ಮುಖ ನೋಡಿದ್ರು, ನೋಡಿದ್ಯಾ? ಆಮೇಲೆ ನನ್ನ ಮುಖ ನೋಡಿದ್ರು. ನಾನು ಗೋಡೆ ಮೇಲಿನ ಹಲ್ಲಿನ ಪಟ ನೋಡ್ತಾ ಕುಂತೆ.

ಇನ್ಮೇಲೆ ಹಂಗನ್ನಬೇಡ. ದೀಪನ ಮುಂದಂತೂ ಅನ್ನಲೇಬೇಡ. ಅವಳು ದಡ್ಡಿ ಅಲ್ಲ. ದವಡೆ ಕಿರಿದು, ಮೂಗಲ್ಲಿ ಉಸಿರಾಡಲ್ಲ, ಬಾಯಿ ತೆಕ್ಕಂಡು ಮಲಗ್ತಾಳೆ, ಮಲಗಿದ್ರೂ ನಿದ್ದೆ ತುಂಬಲ್ಲ, ಅದಕ್ಕೆ ಹಗಲೆಲ್ಲಾ ತೂಕಡಿಕೆ… ಇಷ್ಟೇ ಕಣವ್ವ. "ದಯವಿಟ್ಟು ಶಾಲೆ ಬಿಡಿಸಬೇಡಿ" ಅಂತ ಡಾಕ್ಟ್ರೇ ಬರೆದಿದ್ರಲ್ಲ…

ಏನು?

ಅಂದ್ರು. ಅಂದ್ರು ಅಂದೆ ನಾನು. ಬಾಯಿ ತಪ್ತು. ಗದ್ದ ಇಲ್ಲದೋನ ಬಾಯಿ, ತಪ್ಪದೇ ಇರುತ್ತಾ? ಹೆ ಹೆ…

ಹೂಂ. ಇವತ್ತು ಯಾರೂ ಏನೂ ಬರೆಯಲಿಲ್ಲ. ದೀಪನ್ನ ಶಾಲೆ ಬಿಡಿಸೋ ಮಾತೇ ಬರಲಿಲ್ಲ. ಹೌದು.

ನೀರು ಕುಡೀತೀಯಾ? ತರಲಾ?… ರಂಜಿ? ಇಷ್ಟೊತ್ತೂ ನಗ್ತಿದ್ದೆ. ನಗದಿದ್ರೆ ಬೈ. ಎಲ್ಲರ ಮುಂದೆ ಬೈ, ಪರವಾಗಿಲ್ಲ.

ಏಳನೇ ಕ್ಲಾಸಲ್ಲಿ ನಿಮ್ಮ ಸ್ಕೂಲಿಗೆ ಡಾಕ್ಟ್ರು ಬಂದಿದ್ರು. ಜ್ಞಾಪಕ ಐತಲ್ಲ ನಿನಗೆ? ಐತೆ. ಕಣ್ಣಲ್ಲೇ ಗೊತ್ತಾಗ್ತೈತೆ. ಅಪ್ಪಂಗೆ ಕೊಡು ಅಂತ ನಿನ್ನ ಕೈಲಿ ಒಂದು ಚೀಟಿ ಕಳಿಸಿದ್ರು. ಮಡಿಸಿದ್ದನ್ನ ಬಿಚ್ಚದೇ ತಂದು ಕೊಟ್ಟೆ ನೀನು. ಹೊಸಲು ಮೇಲೆ ನಿಂತ್ಕಂಡು, ಏನು ಬರೆದವ್ರೆ ಅಪ್ಪಾ ಅಂತ ಕೇಳ್ದೆ. ಈ ಹುಡುಗಿಗೆ ಓದು ಹತ್ತಲ್ಲ ಅಂತ ಬರೆದವ್ರೆ ಅಂದೆ ನಾನು.

ಅಂದೆ.

ಆ ವಾರವೇ ಕಣವ್ವ, ಸಂತೇಲಿ ಆ ಕಾಟಲಿಂಗಪ್ಪನ ಟಗರು ನೋಡಿ ಎಲ್ಲರ ಮುಂದೆ ಆಡ್ಕಂಡಿದ್ದೆ. ಇದರ ದವಡೆ ನೋಡ್ರಿ, ಇದಕ್ಕೆ ಹುಟ್ಟಿದ್ದೆಲ್ಲಾ ಹಿಂಗೇ ಇರ್ತಾವೆ ಅಂತ. ಜನ ಬಿದ್ದು ಬಿದ್ದು ನಕ್ಕಿದ್ರು. ಯಾರೂ ಕೊಳ್ಳದೇ ಅವನು ಟಗರು ವಾಪಸ್ ಹೊಡ್ಕಂಡು ಹೋದ. ಎರಡೇ ದಿನಕ್ಕೆ ನಿನ್ನ ಚೀಟಿ. ಅದರಲ್ಲಿ, ದವಡೆ ಕಿರಿದು, ಅದಕ್ಕೇ ಹುಡುಗಿ ತೂಕಡಿಸ್ತಾಳೆ, ಇದು ಮನೆತನದಲ್ಲಿ ಬಂದಿರಬೌದು, ತಂದೆತಾಯಿನೂ ಬಂದು ತೋರಿಸ್ಕಳಲಿ ಅಂತ ಇತ್ತು. ಗಡ್ಡದೊಳಗೆ ಕೈ ಹೋಯ್ತು ನಂದು. ಕಾಟಲಿಂಗಪ್ಪಂಗೆ ತಿಳಿದ್ರೆ? ಎತ್ತಪ್ಪನ ಮಗಳ ದವಡೆ ನೋಡ್ರಿ, ಟಗರು ಯಾವುದು ನೋಡ್ರಿ ಅಂದ್ರೆ? ಮಗಳ ಕಾಯಿಲೆ ಅಂತ ಓದಲಿಲ್ಲ ನಾನು. ಸಂತೇಲಿ ಟಗರಿನ ಬಾಯಿ ಓದ್ದಂಗೆ ಓದ್ದೆ. ಚೀಟಿನ ಒಲೆಗೆ ಹಾಕ್ದೆ, ನಿನ್ನ ಕೈಗೆ ಕೋಲು ಕೊಟ್ಟು ಮರಿಗಳ ಹಿಂದೆ ಕಳಿಸ್ದೆ. ನೀನು ಅಳಲೂ ಇಲ್ಲ. ಡಾಕ್ಟ್ರೇ ಅಂದಮೇಲೆ ಇನ್ನೇನು ಅಂತ ಹೋದೆ.

ಇಲ್ಲ, ನಿಮ್ಮವ್ವಂಗೂ ಗೊತ್ತಿಲ್ಲ.

ಓದಕ್ಕೆ ಬರಲಿಲ್ಲ, ಅರ್ಥ ಆಗಲಿಲ್ಲ ಅಂತ ಹೇಳಿ ಈಗ ತಪ್ಪಿಸ್ಕಬೌದಿತ್ತು. ಆದ್ರೆ ಓದ್ದೆ ಕಣವ್ವ, ಅಕ್ಷರ ಕೂಡಿಸಿ ಕೂಡಿಸಿ ಎರಡು ಸಲ ಓದ್ದೆ. "ಹುಡುಗಿ ತುಂಬ ಚುರುಕಾಗಿದ್ದಾಳೆ" ಅಂತ ಬರೆದಿದ್ರು ರಂಜಿ. ಅದು ಮೊದಲನೇ ಸಾಲಲ್ಲೇ ಇತ್ತು.