ಬೇಕಾಗದ ಅಡಾಪ್ಟರ್

ಬನಶಂಕರಿ ಬಸ್ಸಿನಲ್ಲಿ ರೇಣವ್ವನ ಮುಂದಿನ ಸೀಟಿನವನು ಕಂಪ್ಯೂಟರ್ ಡಬ್ಬವನ್ನು ತೊಡೆಯ ಮೇಲೆ ಇಟ್ಟುಕೊಂಡೇ ಜೇಬಿಗೆ ಕೈಹಾಕಿ, ಅಂಗೈಯಗಲದ ಹಸಿರು ಹಲಗೆಯೊಂದನ್ನು ಪಕ್ಕದ ಹಿರಿಯರಿಗೆ ಚಾಚಿದ.

"ತಗೊಳ್ಳಿ ಬೋರಣ್ಣ, ನಿಮ್ಮ ಅಡಾಪ್ಟರ್ ಬೇಕಾಗ್ಲಿಲ್ಲ."

"ಬೇಕಾಗ್ಲಿಲ್ಲ ಅಂದ್ರೆ? ಹೊಸ ಕಂಪ್ಯೂಟರಲ್ಲಿ ಹಳೇ ಸೌಂಡ್ ಕಾರ್ಡ್ ಕೂರಲ್ಲ ಅಂತ ತಾನೇ ಅದನ್ನ ತರಿಸಿದ್ದು, ಕೆಂಪರಾಜು?"

"ಅದರ ಮೇಲೆ ಕೂರಿಸಿದ್ರೆ ಕಾರ್ಡು ಎತ್ತರ ಆಗುತ್ತೆ ಅಣ್ಣ. ಡಬ್ಬ ಮುಚ್ಚಲ್ಲ."

"ಮುಚ್ಚದಿದ್ರೆ ತೆರೆದೇ ಇಡ್ಬೇಕಿತ್ತು. ಮತ್ತೆ ಹೇಗೆ ಕೂರಿಸ್ದೆ?"

ಕೆಂಪರಾಜು ಕಿಟಕಿಯ ಕಡೆ ತಿರುಗಿದ.

"ಕಾರ್ಡಿನ ಕೆಳಗಡೆ ಸ್ಲಾಟಿಗೆ ಕೂರೋ ಹಲ್ಲಿದೆಯಲ್ಲ, ಅದನ್ನ ಸ್ವಲ್ಪ ಅರ ಹಾಕಿ ಸವೆಸ್ದೆ."

"ಅರ ಹಾಕಿದ್ಯಾ? ಆ ಹಲ್ಲಿಲ್ದೆ ಅದು ಉಸಿರೆತ್ತುತ್ತೇನೋ?"

"ಹೊಸ ಕಾರ್ಡ್ ಹಾಕ್ಕೊಡ್ತೀನಿ ಬಿಡಿ, ಎಲ್ಲಾ ಒಂದೇ."

"ಒಂದೇ ಅಂತೆ. ಹನ್ನೆರಡು ವರ್ಷದಿಂದ ಮದುವೆ ಆರ್ಕೆಸ್ಟ್ರಾಗೆ ನಾನು ಕೂಡಿಸಿದ ರಾಗವೆಲ್ಲ ಆ ಕಾರ್ಡಿನೊಳಗಿರೋ ವಾದ್ಯಗಳ ದನಿ ಮೇಲೇ ನಿಂತಿದೆ. ಹೊಸದ್ರಲ್ಲಿ ಹಾಕಿದ್ರೆ ನನ್ನ ನಾದಸ್ವರ ಮಕ್ಕಳ ಪೀಪಿ ಥರ ಕೇಳುತ್ತೆ. ನಾಳೆ ಮುಹೂರ್ತಕ್ಕೆ ಯಾರು ಊದ್ತಾರೆ, ನಿಮ್ಮಪ್ಪನಾ?"

ರೇಣವ್ವನಿಗೆ ಕಾರ್ಡು ಗೀರ್ಡು ತಿಳಿಯದು. ಅರ ತಿಂದದ್ದು ಮತ್ತೆ ಬೆಳೆಯುವುದಿಲ್ಲ ಎಂಬುದು ಮಾತ್ರ ಗೊತ್ತಿತ್ತು.

"ಆದ್ರೂ ಡಬ್ಬ ನೀಟಾಗಿ ಮುಚ್ಚಿದೆ ಅಣ್ಣ, ನೋಡಿ."

ಬೋರಣ್ಣ ನೋಡಲಿಲ್ಲ. ಪದ್ಮನಾಭನಗರದ ಸ್ಟಾಪು ಬಂದಾಗ ಡಬ್ಬವನ್ನು ಅವನ ತೊಡೆಯಿಂದ ಕಿತ್ತುಕೊಂಡು ಎದೆಗವಚಿಕೊಂಡರು.

"ಇದನ್ನ ನಾನೇ ಹೊರ್ತೀನಿ. ನೀನು ಆ ಅಡಾಪ್ಟರ್ ಹಿಡ್ಕೊಂಡು ನನ್ನ ಜೊತೆ ಬಾ. ಬೇಕಾಗ್ಲಿಲ್ಲ ಅನ್ನೋದನ್ನ ಮದುವೆ ಮನೆಯವರಿಗೆ ನೀನೇ ಹೇಳು."