ವೆಸ್ಲಿ ನಿಲ್ಲುತ್ತಿದ್ದ ಜಾಗ

ಆಗಸ್ಟ್ ತಿಂಗಳು, ಒಹಾಯೊದ ನಮ್ಮೂರ ವಿಶ್ವವಿದ್ಯಾಲಯ. ಫುಟ್‌ಬಾಲ್ ಪಂದ್ಯಗಳಲ್ಲಿ ಮೈದಾನದ ಮೇಲೆ ಸಾಲಾಗಿ ನಡೆಯುತ್ತ ನುಡಿಸುವ ಬ್ಯಾಂಡಿಗೆ ಸೇರುವವರ ಸರದಿಯಲ್ಲಿ ಮಗಳ ಜೊತೆ ನಿಂತಿದ್ದೆ. ನಮ್ಮ ಮುಂದೆ ಒಬ್ಬ ತಂದೆ, ಟ್ರಂಪೆಟ್ ಪೆಟ್ಟಿಗೆ ಹಿಡಿದ ಅವನ ಮಗಳು. ಅವರ ಮಾತು ಕಿವಿಗೆ ಬಿತ್ತು. ಬೀಳದಂತೆ ನಾನೇನೂ ಮಾಡಲಿಲ್ಲ.

“ಬ್ಯಾಂಡ್ ಯಾಕೆ ಹ್ಯಾಟಿ? ಒಂದು ಕಾರಣ ಹೇಳು.”

“ಫುಟ್‌ಬಾಲ್ ಪುಕ್ಕಟೆ ನೋಡ್ಬಹುದು.”

“ನಿನಗೆ ಫುಟ್‌ಬಾಲ್ ಅಂದ್ರೇನೇ ಆಗಲ್ಲ.”

“ಸ್ನೇಹಿತರು ಸಿಗ್ತಾರೆ.”

“ನಿಜ ಹೇಳು.”

ಹುಡುಗಿ ಪೆಟ್ಟಿಗೆಯನ್ನು ಇನ್ನೊಂದು ಕೈಗೆ ಬದಲಿಸಿದಳು.

“ವೆಸ್ಲಿ ತೀರ್ಕೊಂಡ ಮೇಲೆ ಬ್ಯಾಂಡಿನವರು ವರ್ಷವಿಡೀ ಸಾಲಲ್ಲಿ ಅವನ ಜಾಗ ಖಾಲಿ ಬಿಟ್ಟೇ ಮೈದಾನದಲ್ಲಿ ನಡೆದ್ರು. ನೀನು ನೋಡೋಕೆ ಬರಲಿಲ್ಲ.”

“ಹೇಗೆ ಬರ್ಲಿ?”

“ಈ ವರ್ಷ ಅಲ್ಲಿ ಯಾರನ್ನಾದ್ರೂ ನಿಲ್ಲಿಸ್ತಾರೆ ಅಪ್ಪ. ಬೇರೆ ಯಾರೋ ಯಾಕೆ? ಅವನ ತಂಗಿ ನಾನಿದೀನಲ್ಲ.”

“ನೀನು ನುಡಿಸೋದು ಪಿಯಾನೊ.”

“ರಜೆಯೆಲ್ಲ ಟ್ರಂಪೆಟ್ ಕಲಿತೆ. ಶೆಡ್ಡಲ್ಲಿ, ಕಾರೊಳಗೆ ಕೂತು ಗಾಜು ಏರಿಸ್ಕೊಂಡು. ನಿನಗೆ ಕೇಳಿಸಬಾರದು ಅಂತ.”

“ಕೇಳಿಸ್ತಿತ್ತು.”

“ಮತ್ತೆ ಯಾಕೆ ಸುಮ್ನಿದ್ದೆ?”

“ನನಗೆ ಗೊತ್ತು ಅಂದಿದ್ರೆ ನೀನು ನಿಲ್ಲಿಸಿಬಿಡ್ತಿದ್ದೆ. ನಾನು ದಿನಾ ಅಡುಗೆಮನೆ ಬಾಗಿಲು ತೆಗೆದಿಟ್ಟು ಕೇಳ್ತಾ ಕೂತಿರ್ತಿದ್ದೆ. ನುಡಿಸುವಾಗ ವೆಸ್ಲಿ ಎಡವ್ತಿದ್ದ ಕಡೇನೇ ನೀನೂ ಎಡವ್ತೀಯ.”

ಒಳಗಿನಿಂದ ಅವಳ ಹೆಸರು ಕೂಗಿದರು.

“ಮೊದಲನೇ ಆಟಕ್ಕೆ ಬರ್ತೀಯಾ?”

“ಯಾವ ಕಡೆ ಕೂತ್ರೆ ಕಾಣ್ತೀಯ?”

“ಮುಂಚೆ ಎಲ್ಲಿ ಕೂತ್ಕೋತಿದ್ಯೋ ಅಲ್ಲೇ.”

ತಂದೆ ಅವಳ ಕೈಯಿಂದ ಪೆಟ್ಟಿಗೆ ಇಸಿದುಕೊಂಡ. ಇಬ್ಬರೂ ಒಳಗೆ ಹೋದರು.